ಕೀನ್ಯಾದಲ್ಲಿ ನಾನು ಕಟ್ಟಿದ ಗೋಡೆ

ಕಟ್ಟಡದ ಕೆಲಸ ನನಗೆ ಚೆನ್ನಾಗಿ ಗೊತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಆರು ವರ್ಷ ಸೆಕ್ರೆಟರಿಯಾಗಿದ್ದೆ. ಆ ಆರು ವರ್ಷದಲ್ಲಿ ಟೆರೇಸಿಗೆ ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ್ದೇನೆ, ಒಂದು ಸಲ ಇಡೀ ಕಟ್ಟಡಕ್ಕೆ ಪ್ಲಾಸ್ಟರ್ ಮಾಡಿಸಿದ್ದೇನೆ. ಮಾಡಿಸಿದ್ದೇನೆ ಎಂದರೆ, ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಮೇಲೆ ನೋಡುತ್ತಿದ್ದೆ. ಆರು ವರ್ಷ ಮೇಲೆ ನೋಡಿದವನಿಗೆ ಕೆಲಸ ಬರದೇ ಇರುತ್ತದೆಯೇ? ಟೆರೇಸು ಈಗಲೂ ಸೋರುತ್ತದೆ, ಅದು ಬೇರೆ ಮಾತು.

ಪಕ್ಕದೂರು ಕಲ್ಯಾಣದಲ್ಲಿ ನಮ್ಮದೊಂದು ಕನ್ನಡ ಸಭೆ ಇದೆ. ಸ್ವಂತ ಚರ್ಚಿಲ್ಲ. ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, ಅವರ ಚರ್ಚಿನಲ್ಲೇ ನಮ್ಮ ಆರಾಧನೆ. ಮುಂದಿನ ಬೆಂಚುಗಳಲ್ಲಿ ಬೆಂಗಳೂರು, ಮೈಸೂರು ಕಡೆಯಿಂದ ಬಂದು ನವಿ ಮುಂಬೈಯ ಆಫೀಸುಗಳಿಗೆ ಓಡಾಡುವ ನಮ್ಮಂಥವರು. ಹಿಂದಿನ ಬೆಂಚುಗಳಲ್ಲಿ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಆ ಆಫೀಸುಗಳನ್ನು ಕಟ್ಟಿದವರು. ದೇವರ ಮುಂದೆ ಎಲ್ಲರೂ ಸಮಾನರು ಎಂದು ಪಾಸ್ಟರ್ ಆಗಾಗ ಹೇಳುತ್ತಿದ್ದರು. ನಾವು ಮುಂದಿನ ಬೆಂಚಿನಲ್ಲಿ ಕೂತು ಅದಕ್ಕೆ ತಲೆಯಾಡಿಸುತ್ತಿದ್ದೆವು.

ಒಂದು ಭಾನುವಾರ ಪಾಸ್ಟರ್ ಸಂತೋಷದ ಸುದ್ದಿ ತಂದರು. ಬೇರೆ ಬೇರೆ ಸಭೆಗಳಿಂದ ಒಬ್ಬೊಬ್ಬರನ್ನು ಆರಿಸಿ ಕೀನ್ಯಾ ದೇಶದ ಒಂದು ಹಳ್ಳಿಗೆ ಹದಿನೈದು ದಿನದ ಮಿಷನ್ ಸೇವೆಗೆ ಕಳಿಸುತ್ತಾರೆ. ಅಲ್ಲೊಂದು ಬಡ ಶಾಲೆ. ಮಕ್ಕಳಿಗೆ ಬಯಲಲ್ಲೇ ಅಡುಗೆ. ಮಳೆ ಹಿಡಿದರೆ ಒಲೆ ಹತ್ತುವುದಿಲ್ಲ, ಒಲೆ ಹತ್ತದ ದಿನ ಮಕ್ಕಳಿಗೆ ಊಟವಿಲ್ಲ. ಮಳೆಗಾಲಕ್ಕೆ ಮುಂಚೆ ಅಡುಗೆಮನೆ ಎದ್ದು ನಿಲ್ಲಬೇಕು.

"ನಮ್ಮ ಸಭೆಗೆ ಒಂದು ಸೀಟು. ಕಟ್ಟಡದ ಕೆಲಸ ತಿಳಿದವರು ಯಾರಾದರೂ ಇದ್ದೀರಾ?" ಎಂದರು.

ಹಿಂದಿನ ಬೆಂಚಿನಲ್ಲಿ ಸ್ವಾಮಿದಾಸ ಅರ್ಧ ಕೈ ಎತ್ತಿದ. ಕಲಬುರಗಿ ಕಡೆಯ ಗೌಂಡಿ. ಇಪ್ಪತ್ತು ವರ್ಷದಿಂದ ಠಾಣೆ ನಗರದಲ್ಲಿ ಗೋಡೆ ಕಟ್ಟುತ್ತಿದ್ದವನು. ನಾನು ಪೂರ್ತಿ ಕೈ ಎತ್ತಿ, ಎದ್ದೂ ನಿಂತೆ. ಅರ್ಧ ಕೈ ಕೆಳಗಿಳಿಯಿತು.

ಕಮಿಟಿ ಐದೇ ನಿಮಿಷದಲ್ಲಿ ತೀರ್ಮಾನಿಸಿತು. ನನಗೆ ಪಾಸ್‌ಪೋರ್ಟ್ ಇತ್ತು, ಇಂಗ್ಲಿಷ್ ಇತ್ತು, ಸೂಟೂ ಇತ್ತು. ಸ್ವಾಮಿದಾಸನಿಗೆ ಕೆಲಸ ಒಂದು ಬರುತ್ತಿತ್ತು, ಅಷ್ಟೇ. ಅರ್ಜಿಯಲ್ಲಿ 'ಅನುಭವ' ಎಂಬಲ್ಲಿ ನಾನು 'ಕಟ್ಟಡ ನಿರ್ವಹಣೆ, ಆರು ವರ್ಷ' ಎಂದು ಬರೆದೆ. ಕುರ್ಚಿಯ ವಿಷಯ ಕೇಳುವ ಕಾಲಂ ಅದರಲ್ಲಿ ಇರಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ನನ್ನ ಹೆಂಡತಿ ಸುಗುಣ ನನ್ನನ್ನೇ ನೋಡಿದಳು.

"ರೀ, ಹೋದ ತಿಂಗಳು ನೀವು ಹೊಡೆದ ಮೊಳೆಗೆ ಕ್ಯಾಲೆಂಡರ್ ಹಾಕಿದ್ದೆ."

"ಅದಕ್ಕೇನೀಗ?"

"ಮೊಳೆ ಬಿತ್ತು. ಜೊತೆಗೆ ಅಂಗೈಯಗಲ ಗೋಡೆನೂ ಬಿತ್ತು."

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮಗಳು ಪುಸ್ತಕದಿಂದ ತಲೆ ಎತ್ತದೆ, "ಮಮ್ಮಿ, ಪಪ್ಪಾ ವಹಾಂ ಬನಾನೇ ಜಾ ರಹೇ ಹೈಂ ಯಾ ತೋಡ್‌ನೇ?" ಎಂದಳು. ಕಟ್ಟೋಕೋ ಕೆಡವೋಕೋ ಎಂದು ಅವಳ ಪ್ರಶ್ನೆ. ಸೇವೆಗೆ ಹೊರಟವನಿಗೆ ಇಂಥ ಪರೀಕ್ಷೆಗಳು ಬಂದೇ ಬರುತ್ತವೆ ಎಂದು ಸಹಿಸಿಕೊಂಡೆ.

ಬೀಳ್ಕೊಡುಗೆಯ ದಿನ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಹಾರ ಹಾಕಿದರು. ಎಲ್ಲ ಮುಗಿದ ಮೇಲೆ ಸ್ವಾಮಿದಾಸ ಬಾಗಿಲ ಹತ್ತಿರ ಕಾಯುತ್ತ ನಿಂತಿದ್ದ. ಸಭೆಯಲ್ಲಿ ಎಲ್ಲರೂ ನನ್ನನ್ನು ಬ್ರದರ್ ಎನ್ನುತ್ತಿದ್ದರು, ಅವನು ಮಾತ್ರ ಸಾಹೇಬ್ರ ಎನ್ನುತ್ತಿದ್ದ. ನಾನೂ ತಿದ್ದಿರಲಿಲ್ಲ. ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ಕೈಗಿಟ್ಟ. ಬಿಚ್ಚಿದರೆ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಮೇಲಿನಿಂದ ಇಳಿಬಿಡುತ್ತಾರಲ್ಲ, ಆ ಓಳಂಬ.

"ಇಟ್ಕೋರಿ ಸಾಹೇಬ್ರ. ಇಪ್ಪತ್ತು ವರ್ಷದಿಂದ ನನ್ನ ಕೈಯಾಗ ಅದ. ನಮ್ಮ ಕಣ್ಣು ಮೋಸ ಮಾಡ್ತದ್ರಿ. ಮ್ಯಾಲಿಂದ ಇಳಿಬಿಟ್ಟಿದ್ದು ಸುಳ್ಳ ಹೇಳಂಗಿಲ್ಲ."

ಹೊರಡುವ ದಿನ ಪೆಟ್ಟಿಗೆ ತೂಗಿದರೆ ಅರ್ಧ ಕಿಲೋ ಹೆಚ್ಚು. ಏನು ತೆಗೆಯುವುದು? ಸುಗುಣ ಮಾಡಿದ ಚಕ್ಕುಲಿ ತೆಗೆದರೆ ಸಂಸಾರದಲ್ಲಿ ಬಿರುಕು. ಸೂಟು ತೆಗೆದರೆ ಉದ್ಘಾಟನೆಗೆ ಏನು ಹಾಕಿಕೊಳ್ಳಲಿ? ಓಳಂಬ ತೆಗೆದು ಟೀವಿ ಪಕ್ಕ ಇಟ್ಟೆ. ಟೈ ಒಳಗೇ ಉಳಿಯಿತು.

ಹಳ್ಳಿಯಲ್ಲಿ ಹಾಡು ಹೇಳಿ ನಮ್ಮನ್ನು ಬರಮಾಡಿಕೊಂಡರು. ಶಾಲೆ ನಡೆಸುವ ಹಿರಿಯ ಹೆಂಗಸನ್ನು ಅಲ್ಲಿ ಎಲ್ಲರೂ ಮಾಮಾ ರೂತ್ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ, ನನ್ನ ಬಾಯಲ್ಲಿ ಅವರು ರೂತಮ್ಮನಾದರು. ಅವರು ನಮ್ಮನ್ನು ನೇರವಾಗಿ ಅಡುಗೆಮನೆಯ ಜಾಗಕ್ಕೆ ಕರೆದೊಯ್ದರು. ಮೂರು ಗೋಡೆ ಆಗಲೇ ಎದ್ದಿದ್ದವು, ಗೆರೆ ಎಳೆದ ಹಾಗೆ.

"ಇದನ್ನು ಯಾರು ಕಟ್ಟಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನಮ್ಮ ಊರವರೇ. ನಾಲ್ಕನೆಯದನ್ನು ನಿಮಗೆ ಬಿಟ್ಟಿದ್ದೇವೆ. ಅಷ್ಟು ದೂರದಿಂದ ಸೇವೆಗೆ ಬಂದಿದ್ದೀರಿ, ಮಾಡಲು ಏನೂ ಇಲ್ಲ ಅನ್ನೋದು ಸರಿಯಲ್ಲ."

ನಮ್ಮ ತಂಡದಲ್ಲಿ ಇಬ್ಬರಿಗೆ ಗಿಟಾರ್ ಬರುತ್ತಿತ್ತು, ಒಬ್ಬ ಗೊಂಬೆಯಾಟ ಆಡಿಸುತ್ತಿದ್ದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಭ್ಯಾಸಬಲದಿಂದ ಮೊದಲು ಒಂದು ಮೀಟಿಂಗ್ ಕರೆದೆ. ಎರಡು ದಿನ ಮೀಟಿಂಗ್ ನಡೆಯಿತು. ಮೂರನೆಯ ದಿನ ಇಟ್ಟಿಗೆ ಮುಟ್ಟಲೇಬೇಕಾಯಿತು.

ಊರಿನ ಗೌಂಡಿಗಳು ನಾಲ್ಕು ಜನ ಮರದ ನೆರಳಲ್ಲಿ ಕಲ್ಲುಗಳ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಆರು ವರ್ಷ ಹಾಗೆ ಕೂತು ನೋಡಿದವನು ನಾನು. ನೋಡಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಾರೆ ಒಮ್ಮೆ ನೀರಾಯಿತು, ಒಮ್ಮೆ ಕಲ್ಲಾಯಿತು. ಗೋಡೆ ಮಂಡಿಯವರೆಗೆ ಬಂದಾಗ ನೆಟ್ಟಗಿತ್ತು. ಸೊಂಟಕ್ಕೆ ಬಂದಾಗ ಏನೋ ಯೋಚನೆ ಮಾಡುವಂತಿತ್ತು. ಎದೆಮಟ್ಟಕ್ಕೆ ಬಂದಾಗ ಹೊರಗೆ ಹೋಗಲು ನಿರ್ಧರಿಸಿಬಿಟ್ಟಿತ್ತು!

ನಮ್ಮ ಸಭೆಯ ಗೌಂಡಿಯ ಜೊತೆ ಮಾತಾಡಬೇಕು ಎಂದು ರೂತಮ್ಮನ ಫೋನ್ ಕೇಳಿ ತೆಗೆದುಕೊಂಡು, ಅವರ ಎದುರಿಗೇ ಸ್ವಾಮಿದಾಸನಿಗೆ ಹಚ್ಚಿದೆ. ಅವನು ಆಗ ಠಾಣೆಯ ಮಾಜಿವಾಡಾದಲ್ಲಿ ಯಾವುದೋ ಟವರಿನ ಹತ್ತನೆಯ ಮಹಡಿಯಲ್ಲಿದ್ದ.

"ಓಳಂಬ ಬಿಟ್ಟು ನೋಡೀರೇನ್ರಿ ಸಾಹೇಬ್ರ?"

"ಅದು ಬಂದಿಲ್ಲ."

"ಯಾರು ಬಂದಿಲ್ರಿ?"

"ಓಳಂಬ. ಮನೇಲೇ ಉಳಿದುಹೋಯ್ತು."

ಅವನ ಜಾಗದಲ್ಲಿ ನಾನಿದ್ದಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ. ಅವನು ಇಡಲಿಲ್ಲ.

"ಇರ್ಲಿ ತಗೋರಿ. ದಾರಕ್ಕ ಒಂದು ಕಲ್ಲು ಕಟ್ಟಿ ಇಳಿಬಿಡ್ರಿ. ವಾಲಿದ್ದರ ಬಿಚ್ಚಿ ಮತ್ತ ಕಟ್ರಿ. ನಾಚಬ್ಯಾಡ್ರಿ, ನಾವೂ ಬಿಚ್ತೀವಿ."

ಆದರೆ ಆರು ವರ್ಷದ ಅನುಭವವಿರುವ ತಜ್ಞ ಹೋಗಿ ಒಂದು ತುಂಡು ದಾರ ಕೊಡಿ ಎಂದು ಕೇಳುವುದೇ? ಕೋಣೆಗೆ ಹೋಗಿ ಟೈ ತಂದು, ತುದಿಗೆ ಕಲ್ಲು ಕಟ್ಟಿ ಗೋಡೆಯ ಮೇಲಿನಿಂದ ಇಳಿಬಿಟ್ಟೆ. ಗಾಳಿಗೆ ಟೈ ಆ ಕಡೆ ಈ ಕಡೆ ಓಲಾಡಿತು. ಅದು ಯಾವಾಗ ಗೋಡೆಗೆ ಸಮವಾಗಿ ಬಂತೋ ಆ ಕ್ಷಣದಲ್ಲಿ, ಗೋಡೆ ಸರಿಯಾಗಿದೆ ಎಂದು ತೀರ್ಮಾನಿಸಿದೆ. ಬಿಚ್ಚಲಿಲ್ಲ. ಮರದ ಕೆಳಗೆ ಒಬ್ಬ ಗೌಂಡಿ ಎದ್ದು ನಿಂತ. ರೂತಮ್ಮ ಕಣ್ಣಲ್ಲೇ ಕೂರಿಸಿದರು.

ಗೋಡೆ ಮುಗಿದ ಮೇಲೆ ಚಾವಣಿಗೆ ತೊಲೆ ಇಟ್ಟು ನೋಡಿದರೆ ಒಂದು ಗೇಣು ಗಿಡ್ಡ. ತೊಲೆಯನ್ನೇ ತಪ್ಪಾಗಿ ಕೊಯ್ದಿದ್ದಾರೆ ಎಂದೆ. ರೂತಮ್ಮ ನನ್ನ ಗೋಡೆಯನ್ನು ಬಹಳ ಹೊತ್ತು ನೋಡಿ, "ತುಂಬಾ ಪ್ರೀತಿಯಿಂದ ಕಟ್ಟಿದ್ದೀರಿ" ಎಂದರು.

ಚಾವಣಿಯಿಲ್ಲದೆಯೇ ಉದ್ಘಾಟನೆಯಾಯಿತು. ಕೋಟಿನ ಗುಂಡಿ ಹತ್ತಲಿಲ್ಲ, ಅಲ್ಲಿಯ ಆತಿಥ್ಯ ಅಂಥದ್ದು. ಕಲ್ಲಿನ ಗುರುತಿದ್ದ ಟೈ ಹೊರಗೆ ಇಳಿಬಿದ್ದಿತ್ತು. ಗಿಟಾರಿನ ಹುಡುಗನಿಗೆ ಕ್ಯಾಮೆರಾ ಕೊಟ್ಟು, ಗೋಡೆಯ ಪಕ್ಕ ನಿಂತು, "ಸ್ವಲ್ಪ ಓರೆ ಹಿಡಿ, ಇನ್ನೂ ಸ್ವಲ್ಪ, ಹಾಂ, ಗೋಡೆ ನೆಟ್ಟಗೆ ಬರಲಿ" ಎಂದೆ. ಬಂತು. ಊರಿಗೆ ಹಿಂದಿರುಗುವಾಗ ಆ ಫೋಟೋ ಒಂದೇ ನನ್ನ ಧೈರ್ಯ.

ಕಲ್ಯಾಣದಲ್ಲಿ ನಾನು ಸೇವೆಯ ಅನುಭವದ ಸಾಕ್ಷಿ ಹೇಳುವ ಭಾನುವಾರ ಪ್ರೊಜೆಕ್ಟರ್ ತರಿಸಿದ್ದರು. ನಾನು ಬಿಸಿಲು, ಬೆವರು, ಅಂಗೈಯ ಬೊಬ್ಬೆ ಎಲ್ಲ ವರ್ಣಿಸಿ ಕೊನೆಗೆ ಗೋಡೆಯ ಫೋಟೋ ಹಾಕಿದೆ. ಮುಂದಿನ ಬೆಂಚುಗಳಿಂದ ಚಪ್ಪಾಳೆ ಬಂತು. ಹಿಂದಿನ ಬೆಂಚುಗಳಲ್ಲಿದ್ದವರೆಲ್ಲ ಕತ್ತು ವಾಲಿಸಿ ನೋಡುತ್ತಿದ್ದರು. ಸ್ವಾಮಿದಾಸ ಎದ್ದು ನಿಂತ. ಅಣಕಿಸುವ ಬುದ್ಧಿ ಅವನಿಗಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ.

"ಗ್ವಾಡಿ ಬರೋಬ್ಬರಿ ಕಾಣ್ತದ್ರಿ ಸಾಹೇಬ್ರ. ಖರೆ, ನಿಮ್ಮ ಟೈ ಯಾಕ ಸೊಟ್ಟ ಇಳಿಬಿದ್ದದ?"

ಎಲ್ಲರೂ ಫೋಟೋದ ಟೈ ನೋಡಿದರು. ಆಮೇಲೆ ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮನೆಯಲ್ಲಿ ಬಿಟ್ಟು ಹೋದ ಓಳಂಬ ನನ್ನ ಕತ್ತಿನಲ್ಲೇ ನೇತಾಡುತ್ತಿತ್ತು.

ನನ್ನನ್ನು ಪಾರುಮಾಡಲು ಪಾಸ್ಟರ್ ಅವಸರದಿಂದ ಎದ್ದು, "ರೂತಮ್ಮನವರ ಪತ್ರ ಬಂದಿದೆ, ಓದುತ್ತೇನೆ" ಎಂದರು. ಅವರೂ ಅದನ್ನು ಮೊದಲೇ ಓದಿರಲಿಲ್ಲ. ಸಹೋದರರಿಗೆ ವಂದನೆಗಳು ಎಂದು ಶುರುವಾಯಿತು. ನಾವು ಹೊರಟ ದಿನವೇ ಊರ ಗೌಂಡಿಗಳು ಗೋಡೆ ಇಳಿಸಿ, ಅದೇ ಇಟ್ಟಿಗೆಯಲ್ಲಿ ಮೂರು ದಿನದಲ್ಲಿ ಎಬ್ಬಿಸಿದರಂತೆ. ಮಳೆಗೆ ಮುಂಚೆ ಚಾವಣಿ ಏರಿತಂತೆ, ಮಕ್ಕಳು ಬಿಸಿ ಊಟ ಉಣ್ಣುತ್ತಿದ್ದಾರಂತೆ. "ಮುಂದಿನ ವರ್ಷ ಇನ್ನೊಂದು ಕೋಣೆ ಕಟ್ಟುತ್ತೇವೆ. ನಾಲ್ಕನೆಯ ಗೋಡೆಯನ್ನು ನಿಮಗೇ ಬಿಟ್ಟಿರುತ್ತೇವೆ. ಆ ದಿನ ಫೋನಿನಲ್ಲಿ ಮಾತಾಡಿದ ಸಹೋದರರು ಬರಲು ಆಗುತ್ತದೆಯೇ?"

ನನಗೆ ನಾಚಿಕೆಯಾಯಿತು. ಮಕ್ಕಳು ಉಣ್ಣುತ್ತಿದ್ದಾರೆ ಎಂದು ಕೇಳಿ ಸಮಾಧಾನವೂ ಆಯಿತು. ಮೊದಲು ಯಾವುದು ಆಯಿತು ಎಂದು ಕೇಳಬೇಡಿ.

ಮರುವರ್ಷದ ಹೊತ್ತಿಗೆ ಸ್ವಾಮಿದಾಸ ಹೊಸ ಪಾಸ್‌ಪೋರ್ಟ್ ಹಿಡಿದು ನಮ್ಮ ಮನೆಗೆ ಬಂದ. ಟೀವಿ ಪಕ್ಕದಿಂದ ಓಳಂಬ ತೆಗೆದು, ಒರೆಸಿ ಅವನ ಕೈಗೆ ಕೊಟ್ಟೆ. ಸುಗುಣ ಅವನಿಗೆ ಚಹಾ ಕೊಟ್ಟು, "ತೂಕ ಹೆಚ್ಚಾದ್ರೆ ಚಕ್ಕುಲಿ ತೆಗೀರಣ್ಣ, ಇದನ್ನ ಬಿಡಬೇಡಿ" ಎಂದಳು. ಅವನ ಅರ್ಜಿಯನ್ನು ಇಂಗ್ಲಿಷಿನಲ್ಲಿ ನಾನೇ ತುಂಬಿದೆ. ಅದೊಂದು ಕೆಲಸ ನನಗೆ ನಿಜವಾಗಿ ಬರುತ್ತದೆ. ಕೊನೆಯ ಪುಟದಲ್ಲಿ ಶಿಫಾರಸು ಮಾಡುವವರಿಗೆ ಒಂದು ಪ್ರಶ್ನೆ ಇತ್ತು: ಅರ್ಜಿದಾರರ ಕೆಲಸದ ಬೆಲೆ ನಿಮಗೆ ಹೇಗೆ ಗೊತ್ತು?

ಯೋಚನೆ ಮಾಡದೆ ಬರೆದು ಸಹಿ ಹಾಕಿದೆ: 'ಅವರಿಲ್ಲದೆ ಒಂದು ಗೋಡೆ ಕಟ್ಟಿ ನೋಡಿದ್ದೇನೆ.'