ಮಾವನ ಮುಂದೆ ಬಂದ ಒಲೆ

ನಮ್ಮ ಸೋದರಮಾವನಷ್ಟು ಒಲೆಯ ವಿಚಾರ ತಿಳಿದವರು ಇಡೀ ಹೊಸದುರ್ಗ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಒಲೆ ಹಚ್ಚಲು ಮಾತ್ರ ಬರುವುದಿಲ್ಲ, ಅಷ್ಟೇ!

ಶ್ರೀರಾಂಪುರದ ಹತ್ತಿರ ಅವನ ಮನೆ. ಕುರಿ ವ್ಯಾಪಾರ ಮುಗಿಸಿ ಬಂದು ಪಡಸಾಲೆಯಲ್ಲಿ ಕುಳಿತನೆಂದರೆ ಅಲ್ಲಿಂದಲೇ ಅಡುಗೆಮನೆಯ ಉರಿ ನಡೆಸುತ್ತಾನೆ. ಮೂಗರಳಿಸಿ, "ಲೇ, ಉರಿ ಜಾಸ್ತಿ ಆತು, ಸಣ್ಣ ಮಾಡು" ಎಂದು ಅತ್ತೆಗೆ ಅಪ್ಪಣೆ. ಗ್ಯಾಸ್ ಮುಗಿದು ಒಲೆ ಆರಿಹೋಗಿದ್ದ ದಿನವೂ ಹೀಗೇ ಅಂದಿದ್ದ! ರೊಟ್ಟಿ ಹೆಂಚಿನಿಂದ ಎದ್ದು ನೆಟ್ಟಗೆ ಅವನ ತಟ್ಟೆಗೇ ಬೀಳಬೇಕು. ಹೀಗೆ ಅವನದು ಮುಗಿದು, ಬಂದವರದು ಮುಗಿದು, ಕೊನೆಗೆ ಅತ್ತೆ ಒಬ್ಬಳೇ ಅಡುಗೆಮನೆಯಲ್ಲಿ ಆರಿದ್ದನ್ನು ಉಣ್ಣುತ್ತಾಳೆ. ಉಣ್ಣುತ್ತಾಳೆ ಅಂತ ನಮ್ಮ ನಂಬಿಕೆ, ನೋಡಿದವರು ಯಾರು?

ಊರಿನ ಒಂದು ಮದುವೆಯಲ್ಲಿ ಅಡುಗೆಯವರ ಬೆನ್ನಿಗೆ ಬಿದ್ದು ಉರಿಯ ಪಾಠ ಹೇಳುತ್ತಿದ್ದ. ಬೇಸತ್ತ ಅಡುಗೆಯವನು ಸೌಟನ್ನು ಅವನ ಕೈಗಿಟ್ಟು, "ತಗಳ್ರಿ ಯಜಮಾನ್ರೆ, ನೀವೇ ಮಾಡ್ರಿ" ಎಂದ. ಮಾವನಿಗೆ ಆ ಕ್ಷಣವೇ ಹೊಸದುರ್ಗದಲ್ಲಿ ಜರೂರು ಕೆಲಸ ನೆನಪಾಯಿತು. ಪಾಪ, ಬಸ್ಸು ಬರುವ ಹೊತ್ತಾಗಿರಲಿಲ್ಲ. ಮಧ್ಯಾಹ್ನದವರೆಗೂ ಬಸ್ ಸ್ಟಾಪಿನಲ್ಲಿ ಕುಳಿತಿದ್ದು, ಊಟಕ್ಕೆ ಸರಿಯಾಗಿ ವಾಪಸ್ ಬಂದ.

ಇಂಥವನನ್ನು ಅವನ ಮಗಳು ಚಿತ್ರದುರ್ಗದ ಬೈಪಾಸಿನ ಹತ್ತಿರ ಹೊಸದಾಗಿ ಶುರುವಾದ ಜಪಾನಿ ಹೋಟೆಲಿಗೆ ಕರೆದುಕೊಂಡು ಹೊರಟಳು. ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುವವಳು, ಅಪ್ಪನನ್ನು ಚೆನ್ನಾಗಿ ಬಲ್ಲವಳು. ಅತ್ತೆ ಅಂಗನವಾಡಿ ಕೆಲಸದಿಂದ ನಿವೃತ್ತಳಾಗಿದ್ದಕ್ಕೆ ಊಟ ಅಂತ ಎಲ್ಲರಿಗೂ ಹೇಳಿದ್ದಳು. ನನಗೆ ಮಾತ್ರ ಗುಟ್ಟಾಗಿ, "ಯಾವ ಹೋಟ್ಲಿಗೆ ಹೋದ್ರೂ ಅವ್ವ ಅಪ್ಪಂಗೆ ಬಡಿಸ್ತಾನೇ ಇರ್ತಾಳೆ. ಇಲ್ಲಿ ಒಲೆ ಟೇಬಲ್ ಮ್ಯಾಲೇ ಐತೆ. ಅಪ್ಪ ಬೇಯಿಸ್ಲಿ, ಅವ್ವ ಒಂದಿನ ನಮ್ ಜೊತೆ ಕುಂತು ಬಿಸಿದು ಉಣ್ಲಿ" ಎಂದಳು. ಅಪ್ಪ ಬೇಯಿಸುವುದೇ? ನನಗೆ ನಗು ತಡೆಯಲಾಗಲಿಲ್ಲ.

ಮೇಜಿನ ನಡುವೆ ಗುಂಡಿ, ಅದರಲ್ಲಿ ಕೆಂಡ, ಮೇಲೆ ಕಂಬಿಯ ಜಾಲರಿ. ನಮ್ಮ ಮುಂದೆ ಚಮಚದ ಬದಲು ಕಾಗದ ಸುತ್ತಿದ ಮರದ ಕಡ್ಡಿಗಳನ್ನೂ ಇಟ್ಟಿದ್ದರು. ನಾವು ನೋಡುನೋಡುತ್ತಿದ್ದಂತೆ ಮಾವ ಎಲ್ಲರ ಕಡ್ಡಿಗಳನ್ನೂ ಬಳಿದುಕೊಂಡು, ಲಟಲಟ ಮುರಿದು ಕೆಂಡಕ್ಕೆ ತುರುಕಿ, "ಪುಳ್ಳೆ ಸಾಲಲ್ಲ ಕಣಪ್ಪ, ಇನ್ನೊಂದೀಟು ತಗಂಬಾ" ಎಂದ.

"ಸಾರ್, ಅವು ತಿನ್ನಾಕೆ ಕೊಟ್ಟಿದ್ದು," ಎಂದ ಬಡಿಸುವವನು.

"ಕಡ್ಡಿನಾ? ನಮ್ ಕುರಿನೂ ತಿನ್ನಲ್ಲ!"

ಆಮೇಲೆ ಮಸಾಲೆ ಹಚ್ಚಿದ ಹಸಿ ಮಾಂಸದ ತೆಳ್ಳನೆ ತುಂಡುಗಳು ಬಂದವು. ಮಾವ ಒಂದನ್ನು ಬೆಳಕಿಗೆ ಹಿಡಿದು, "ಇದು ಮಟನ್ನೋ, ಮಟನ್ನಿನ ನೆರಳೋ? ಹೋಗ್ಲಿ, ಬೇಯ್ಸೋರು ಎಲ್ಲವ್ರೆ?" ಎಂದು ಕೇಳಿದ.

"ನೀವೇ ಸಾರ್."

ಮಾವ ತಿರುಗಿ ಬಾಗಿಲ ಕಡೆ ನೋಡಿದ. ಇಲ್ಲಿ ಯಾವ ಬಸ್ಸಿನ ನೆಪವೂ ನಡೆಯುವಂತಿರಲಿಲ್ಲ, ಕಾರಿನ ಕೀಲಿ ಮಗಳ ಕೈಯಲ್ಲಿತ್ತು. ಇಕ್ಕಳ ಹಿಡಿದ. ಮೊದಲ ಸಲ ಹಾಕಿದ್ದೆಲ್ಲ ಇದ್ದಲಾಯಿತು. "ಇವರ ಕೆಂಡ ಸರಿಯಿಲ್ಲ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎರಡನೆಯ ಸಲ ಹಾಕಿದ್ದು ಹಸಿಯಾಗಿಯೇ ಇಳಿಯಿತು.

ಅತ್ತೆಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ಮಗಳು ಕೈ ಹಿಡಿದು ಕೂರಿಸಿದಳು.

"ಅವ್ವ, ನೀನು ಏಳಂಗಿಲ್ಲ."

"ಅವರ ಕೈ ಸುಡ್ತೈತೆ ಕಣೇ."

"ಸುಡ್ಲಿ ಬಿಡು."

"ಮಾವ, ಇಕ್ಕಳ ನಂಗೆ ಕೊಡು" ಎಂದು ನಾನೂ ಕೇಳಿದೆ. ಕೊಡಲಿಲ್ಲ. ಕೈ ಸುಡುವ ಮಾತು ಕೇಳಿದ ಮೇಲೆ ಅವನು ಒಮ್ಮೆ ಅತ್ತೆಯ ಕಡೆ ನೋಡಿದ್ದ. ಹಣೆಯಲ್ಲಿ ಬೆವರು, ಕನ್ನಡಕದ ತುಂಬ ಎಣ್ಣೆ. ಒಂದೇ ಒಂದು ತುಂಡು ಹಾಕಿ, ಅದರ ಮೇಲೇ ಕಣ್ಣಿಟ್ಟು, ತಿರುವಿ, ಮತ್ತೆ ತಿರುವಿ ಎತ್ತಿದ. ಇನ್ನೇನು ತನ್ನ ತಟ್ಟೆಗೇ ಹಾಕಿಕೊಳ್ಳುತ್ತಾನೆ ಅಂದುಕೊಂಡೆವು. ಅತ್ತೆಯ ತಟ್ಟೆಗೆ ಹಾಕಿದ.

ಅತ್ತೆ ಅದನ್ನು ಯಾರಿಗೆ ಬಡಿಸಲಿ ಎನ್ನುವಂತೆ ನಮ್ಮ ಮುಖಗಳನ್ನು ನೋಡಿದಳು.

"ನಿಂಗೇ ಹಾಕಿದ್ದು, ತಿನ್ನು" ಎಂದ ಮಾವ.

ಅವಳು ಬಾಯಿಗಿಟ್ಟು, ಬಿಸಿಗೆ ಉಸಿರೆಳೆದುಕೊಂಡು ನಿಧಾನವಾಗಿ ಅಗಿದಳು. ಮಾವ ಇಕ್ಕಳ ಹಿಡಿದು ಕಾಯುತ್ತಿದ್ದ.

"ಹೆಂಗೈತೆ?" ಎಂದ. ಇಷ್ಟು ಸಣ್ಣ ದನಿ ಈ ಮನುಷ್ಯನೊಳಗೆ ಎಲ್ಲಿತ್ತೋ!

ಅತ್ತೆ ತಟ್ಟೆಯನ್ನು ಮುಂದೆ ಹಿಡಿದಳು. "ಇನ್ನೊಂದು ಹಾಕ್ರಿ."

ಅತ್ತೆ ಇನ್ನೊಂದು ಬೇಕು ಅಂದಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಮಗಳು ಮುಖ ಆಚೆ ತಿರುಗಿಸಿದಳು. ಅಷ್ಟರಲ್ಲಿ ಅತ್ತೆಗೆ ತಾನು ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿರಬೇಕು, "ನಿಮಗೂ ಒಂದು ಬೇಯಿಸ್ತೀನಿ ತಡೀರಿ" ಎಂದು ಮತ್ತೆ ಏಳಹೋದಳು.

"ಏಳಬ್ಯಾಡ, ಕುಂತ್ಕಾ" ಎಂದ ಮಾವ. "ನಾನು ಹಾಕ್ತೀನಿ."