ನರ್ಸಮ್ಮನ ಕಾಲು ಹಿಡಿದ ಪೆಡಲ್ಲು

ತಾಳವಾಡಿ ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತವನ ಕಣ್ಣ ಮುಂದೆ ದಿನಕ್ಕೊಬ್ಬರಾದರೂ ಬೀಳುತ್ತಾರೆ. ಬಿದ್ದವರು ಎದ್ದ ಕೂಡಲೇ ಯಾರಾದರೂ ನೋಡಿದರಾ ಅಂತ ಸುತ್ತ ಕಣ್ಣಾಡಿಸಿ, ಆಮೇಲೆ ಮಂಡಿ ನೋಡಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಬಿದ್ದ ಮೇಲೂ ಸುತ್ತ ನೋಡದೆ, ಸೀರೆ ಕೊಡವಿಕೊಂಡು ಮತ್ತೆ ಹತ್ತಿದವರು ಒಬ್ಬರೇ. ಅವರು ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮ. ಐವತ್ತು ದಾಟಿದವರು, ಗೆಟ್ಟವಾಡಿ ಕಡೆಯವರು. ಊರೂರಿಗೆ ಸೈಕಲ್ಲಿನಲ್ಲೇ ಹೋಗಿ ಸೂಜಿ ಚುಚ್ಚಿ, ಮಾತ್ರೆ ಕೊಟ್ಟು ಬರುತ್ತಾರೆ. ಅವರು ಹೊಸ ಥರದ ಪೆಡಲ್ ತುಳಿಯಲು ಕಲಿತ ಕಾಲದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

೧. ದಾರಿ ಕೇಳಿದವರು

ನಮ್ಮದು ತಮಿಳುನಾಡಿಗೆ ಸೇರಿದ ಕನ್ನಡದೂರು. ಭಾನುವಾರ ಬಂದರೆ ಕೊಯಮತ್ತೂರು ಕಡೆಯಿಂದ ಸೈಕಲ್ಲಿನವರು ಬೆಟ್ಟ ಹತ್ತಿ ಬರುತ್ತಾರೆ. ಅವತ್ತು ಅಂಥವರೊಬ್ಬರು ನನ್ನ ಅಂಗಡಿ ಎದುರಿನ ಟೀ ಅಂಗಡಿ ಮುಂದೆ ಬ್ರೇಕ್ ಹಾಕಿ, ಹಾಸನೂರಿಗೆ ಯಾವ ದಾರಿ ಅಂತ ತಮಿಳಿನಲ್ಲಿ ಕೇಳಿದರು. ಸೈಕಲ್ ನಿಂತಿತು. ಅವರು ಮಾತ್ರ ಕಾಲು ಕೆಳಗಿಡಲಿಲ್ಲ. ನಗುಮುಖದಲ್ಲೇ ಕೂತಿದ್ದರು. ಹಾಗೇ ಒಂದು ಪಕ್ಕಕ್ಕೆ ವಾಲತೊಡಗಿ, ಕಡಿದ ಬಾಳೆಗಿಡದಂತೆ ನಿಧಾನಕ್ಕೆ ಬಂದು, ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರ ಕಾಲ ಬುಡದಲ್ಲಿ ಬಿದ್ದರು. ಬಿದ್ದ ಮೇಲೂ ಸೈಕಲ್ ಅವರ ಕಾಲು ಬಿಡಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ನರ್ಸಮ್ಮ ಓಡಿಬಂದು ಮೊಣಕೈ ತೊಳೆದು ಪಟ್ಟಿ ಕಟ್ಟಿದರು. ಬಿದ್ದದ್ದು ಹೇಗೆ ಅಂತ ಕೇಳಿದಾಗ ಸೈಕಲ್ಲಿನವರು ಬೂಟು ಎತ್ತಿ ತೋರಿಸಿದರು. ಬೂಟಿನ ಅಡಿಗೆ ಒಂದು ಲೋಹದ ಬಿಲ್ಲೆ. ಅದು ಪೆಡಲ್ಲಿನೊಳಗೆ ಟಕ್ ಅಂತ ಕೂತರೆ ಕಾಲು ಅಲ್ಲೇ ಅಂಟಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಆಚೆಗೆ ತಿರುಗಿಸಬೇಕು. ಮರೆತರೆ ಹೀಗೆ. ಇದರ ಹೆಸರು ಕ್ಲಿಪ್‌ಲೆಸ್ ಅಂದರು. ಕ್ಲಿಪ್ಪೇ ಇಲ್ಲ ಅಂತ ಹೆಸರಿಟ್ಟುಕೊಂಡು ಮನುಷ್ಯನನ್ನೇ ಹಿಡಿದುಕೊಳ್ಳುವ ಸಾಮಾನನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಇದ್ರಿಂದ ಲಾಭ ಏನು?" ನರ್ಸಮ್ಮ ಕೇಳಿದರು.

"ಏರಿನಲ್ಲಿ ಕಾಲು ಮೇಲಕ್ಕೆ ಎಳೆದರೂ ಸೈಕಲ್ ಓಡುತ್ತದೆ ಅಮ್ಮ."

ನರ್ಸಮ್ಮ ಗಾಯ ಮರೆತು ಪೆಡಲ್ಲನ್ನೇ ನೋಡುತ್ತಾ ಕೂತರು. ಬೆಂಚಿನ ಮೇಲಿನ ಮುದುಕರು ಟೀ ಲೋಟ ಕೆಳಗಿಟ್ಟು ಆತನ ಬೆನ್ನು ಸವರಿ ಹೇಳಿದರು: "ದಾರಿ ಕೇಳಕ್ಕೆ ಕಾಲಿಗೆ ಬೀಳಾದು ಬ್ಯಾಡ ಕಣಪ್ಪ. ನಿಂತ್ಕಂಡು ಕೇಳುದ್ರೂ ಯೋಳ್ತಿದ್ದೆ."

೨. ನೀರಿನ ತೊಟ್ಟಿ

ತಿಂಗಳೊಪ್ಪತ್ತಿಗೆ ಬಸ್ಸಿನ ಟಾಪಿನ ಮೇಲೆ ಒಂದು ಸೈಕಲ್ ಬಂತು. ಅವತ್ತು ಬಿದ್ದ ಕೊಯಮತ್ತೂರಿನವರು ಹೊಸದು ತಗೊಂಡು, ಹಳೆಯದನ್ನು ಬೂಟಿನ ಸಮೇತ, ‘ಪಟ್ಟಿ ಕಟ್ಟಿದ ಅಮ್ಮನಿಗೆ’ ಅಂತ ಕಳಿಸಿದ್ದರು. ಬೂಟು ಎರಡು ಸೈಜು ದೊಡ್ಡದು. ನರ್ಸಮ್ಮ ಎರಡು ಜೊತೆ ಕಾಲುಚೀಲ ಹಾಕಿ, ತುದಿಗೆ ಹತ್ತಿ ತುರುಕಿ ಸರಿಮಾಡಿಕೊಂಡರು.

"ಮಾಮೂಲಿ ಪೆಡಲ್ ಹಾಕ್ಕೊಡ್ತಿನಿ ನರ್ಸಮ್ಮ. ಈ ವಯಸ್ಸಲ್ಲಿ ಇದ್ಯಾಕೆ?" ಅಂದೆ.

"ದಿನಾ ಕಬ್ಬಿಣದ ಮಾತ್ರೆ ನುಂಗಿ ಅಂತ ಊರಿಗೆಲ್ಲ ಯೋಳ್ತಿನಿ ಅಣ್ಣ. ವಾಂತಿ ಬತ್ತದೆ ಅಂದ್ರೂ ಬುಡದೆ ನುಂಗುಸ್ತಿನಿ. ನಾನೇ ಕಷ್ಟ ಅಂತ ಇದನ್ನ ಬುಟ್ಬುಟ್ರೆ ನಾಳೆ ಯಾರು ನುಂಗ್ತಾರೆ?"

ಕೈಗೆತ್ತಿಕೊಂಡಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅವರಿಗೆ ಹೇಳಿಕೊಡಬೇಕಾದರೆ ಮೊದಲು ನಾನು ಕಲಿಯಬೇಕಲ್ಲ. ಬೂಟು ಹಾಕಿಕೊಂಡು ಗತ್ತಿನಲ್ಲಿ ಎದ್ದು ನಿಂತೆ. ನನ್ನ ಅಂಗಡಿಯ ಸಿಮೆಂಟು ನೆಲ ಎಷ್ಟೋ ವರ್ಷದ ಗ್ರೀಸು ಕುಡಿದದ್ದು. ಲೋಹದ ಬಿಲ್ಲೆ ಅದರ ಮೇಲೆ ಊರಿದ್ದೇ ತಡ, ಎರಡು ಕಾಲೂ ಎರಡು ಊರಿಗೆ ಹೊರಟವು. ಪಂಚರ್ ನೋಡುವ ನೀರಿನ ತೊಟ್ಟಿಯೊಳಗೆ ಸೊಂಟದವರೆಗೂ ಕೂತುಬಿಟ್ಟೆ. ಸೈಕಲ್ ಹತ್ತುವ ಮಾತು ಹಾಗಿರಲಿ, ಅದರ ಹತ್ತಿರಕ್ಕೂ ನಾನು ಹೋಗಿರಲಿಲ್ಲ.

ನರ್ಸಮ್ಮ ನಗಲಿಲ್ಲ. ಮೂಳೆ ಮುರಿದಿಲ್ಲ ಅಂತ ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ತೊಟ್ಟಿಯ ಕಡೆ ಬಗ್ಗಿ, "ಎಲ್ಲಾದ್ರೂ ಗುಳ್ಳೆ ಬತ್ತದಾ ನೋಡ್ಕಳಿ ಅಣ್ಣ" ಅಂದರು.

೩. ಒಣಹುಲ್ಲು

ಕಲಿಕೆ ಶುರುವಾದದ್ದು ಹಾಲಿನ ಡೇರಿಯ ಗೋಡೆ ಹಿಡಿದುಕೊಂಡು. ಟಕ್ ಅಂತ ಹಾಕುವುದು, ಹಿಮ್ಮಡಿ ತಿರುಗಿಸಿ ಬಿಡಿಸುವುದು. ನೂರು ಸಲ ಮಾಡಿದರು. ಹಾಲು ಹಾಕಲು ಬಂದವರೆಲ್ಲ ಕ್ಯಾನು ಇಳಿಸಿ ಮೇಷ್ಟ್ರುಗಳಾದರು. "ಇಮ್ಮಡಿ ಆಚ್ಗೆ ತಿರುಗ್ಸವ್ವ" ಅಂತ ಒಬ್ಬರು, "ಈಚ್ಗೆ" ಅಂತ ಇನ್ನೊಬ್ಬರು. ಇಬ್ಬರೂ ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ.

ಗೋಡೆ ಬಿಟ್ಟ ಮೇಲೆ ಒಂದು ತೊಂದರೆ ಕಂಡಿತು. ನರ್ಸಮ್ಮ ಬಿಡಿಸುತ್ತಿದ್ದದ್ದು ಬಲಗಾಲು, ವಾಲುತ್ತಿದ್ದದ್ದು ಎಡಕ್ಕೆ. ಹಾಗಾಗಿ ಎಲ್ಲಿ ನಿಂತರೂ ಅಲ್ಲಿ ಎಡಕ್ಕೆ ಬೀಳುತ್ತಿದ್ದರು. ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು ಬಂದರು. ಆಗಲೂ ಎಡಕ್ಕೇ ಬಿದ್ದರು. ಆದರೆ ಒಂದು ದಿನವೂ ಕೆಲಸ ತಪ್ಪಿಸಲಿಲ್ಲ, ಒಂದು ಮನೆಯನ್ನೂ ಬಿಡಲಿಲ್ಲ. ಮೊಣಕೈಗೆ ತಾವೇ ಪಟ್ಟಿ ಕಟ್ಟಿಕೊಂಡು ಮಗುವಿಗೆ ಸೂಜಿ ಚುಚ್ಚುತ್ತಿದ್ದರು.

ತಿಗನಾರೆಯಲ್ಲಿ ಒಬ್ಬ ಅಜ್ಜಿ. ಅವರಿಗೆ ಬಿಪಿ. ನರ್ಸಮ್ಮ ಪ್ರತಿ ವಾರ ಹೋಗುವ ಮನೆ. ತಮ್ಮ ಬಾಗಿಲಲ್ಲಿ ಈ ತಾಯಿ ವಾರವಾರ ಬೀಳುವುದನ್ನು ನೋಡಲಾರದೆ ಅಜ್ಜಿ ಜಗಲಿಯ ಎಡಕ್ಕೆ ಒಂದು ಹೊರೆ ಒಣಹುಲ್ಲು ಹರಡಿಸಿಟ್ಟರು. ಮುಂದಿನ ವಾರ ನರ್ಸಮ್ಮ ಬಂದು ಮೆತ್ತಗೆ ಹುಲ್ಲಿನ ಮೇಲೆ ಬಿದ್ದು, ಎದ್ದು, ಬಿಪಿ ನೋಡಿ ಹೋದರು. ಅದರ ಮುಂದಿನ ವಾರವೂ ಹಾಗೇ.

ಮೂರನೇ ವಾರ ಬ್ರೇಕ್ ಸರಿಯಾಗಿ ಹಿಡಿಯುತ್ತದಾ ಅಂತ ನೋಡಲು ನಾನೂ ಮೊಪೆಡ್ಡಿನಲ್ಲಿ ಜೊತೆಗೆ ಹೋಗಿದ್ದೆ. ನರ್ಸಮ್ಮ ಧೈರ್ಯವಾಗಿ ಬಂದು ನಿಂತು ಎಡಕ್ಕೆ ವಾಲಿದರು. ಅಲ್ಲಿ ಹುಲ್ಲಿರಲಿಲ್ಲ. ಅಷ್ಟನ್ನೂ ತಿಂದು ಮುಗಿಸಿದ ಅಜ್ಜಿಯ ಹಸು ನಿಂತಿತ್ತು. ನರ್ಸಮ್ಮ ಸೈಕಲ್ ಸಮೇತ ಅದರ ಕೊರಳು ತಬ್ಬಿದರು. ಪುಣ್ಯಕ್ಕೆ ಹಸು ಕದಲಲಿಲ್ಲ, ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ನಾನು ಓಡಿಹೋಗಿ ಕಾಲು ಬಿಡಿಸುವಷ್ಟರಲ್ಲಿ ನರ್ಸಮ್ಮ ಹಸುವಿನ ಕೊರಳಿಗೆ ಜೋತುಕೊಂಡೇ ಅಜ್ಜಿಯನ್ನು ವಿಚಾರಿಸುತ್ತಿದ್ದರು:

"ಮಾತ್ರೆ ತಪ್ಪದೆ ತಗತಾ ಇದ್ದೀಯವ್ವಾ?"

ಅಜ್ಜಿ ಒಳಗಿಂದ ಮಾತ್ರೆಯ ಚೀಟಿ ತಂದು ತೋರಿಸಿ, "ನಾನು ಸರ್ಯಾಗೇ ತಗತಾವ್ನಿ ತಾಯಿ. ಈಗ ಬಿಪಿ ಏರಿರಾದು ಅಸುವಿಗೆ" ಅಂದರು.

೪. ಚೆಕ್‌ಪೋಸ್ಟ್

ಹಸುವಿನ ಪ್ರಸಂಗ ಆದಮೇಲೆ ನರ್ಸಮ್ಮ ಒಂದು ಉಪಾಯ ಮಾಡಿದರು. ನಿಂತರೆ ತಾನೆ ಬೀಳುವುದು, ನಿಲ್ಲದೆಯೇ ಕೆಲಸ ಮುಗಿಸಿದರೆ ಆಯ್ತಲ್ಲ. ಯಾರಾದರೂ ಮಾತಾಡಿಸಿದರೆ ಅವರ ಸುತ್ತ ಸುತ್ತುತ್ತಲೇ ಉತ್ತರ ಕೊಡತೊಡಗಿದರು. ಊರಿನವರಿಗೆ ಅದು ಅಭ್ಯಾಸವಾಗಿಹೋಯಿತು.

ಹಾಸನೂರು ದಾರಿಯ ಚೆಕ್‌ಪೋಸ್ಟಿನಲ್ಲಿ ಹೊಸದಾಗಿ ಬಂದ ಫಾರೆಸ್ಟ್ ಗಾರ್ಡ್ ಒಬ್ಬರಿದ್ದರು. ಬೆಟ್ಟದ ಕೆಳಗಿನ ಸೀಮೆಯವರು, ತಮಿಳು ಬಿಟ್ಟರೆ ಬೇರೆ ಬಾರದು. ನರ್ಸಮ್ಮ ಬರುವುದನ್ನು ಕಂಡು ದಾರಿಯ ನಡುವೆ ನಿಂತು ಕೈ ಅಡ್ಡ ಹಿಡಿದು, "ನಿಲ್ಲುಂಗಮ್ಮಾ" ಅಂದರು. ನಿಲ್ಲಿ ಅಮ್ಮ ಅಂತ.

ನಿಲ್ಲುವುದೊಂದು ಬಿಟ್ಟು ಬೇರೆ ಏನು ಕೇಳಿದ್ದರೂ ನರ್ಸಮ್ಮ ಮಾಡುತ್ತಿದ್ದರು. ಅವರ ಸುತ್ತ ಒಂದು ಸುತ್ತು ಹಾಕಿ ಯಾವ ಊರು ಅಂತ ಹೇಳಿದರು. ಎರಡನೇ ಸುತ್ತಿಗೆ ಯಾವ ಕೆಲಸ ಅಂತ. ಮೂರನೇ ಸುತ್ತಿಗೆ ಗುರುತಿನ ಚೀಟಿ ಚಾಚಿದರು. ಓದಲು ಸಿಗುವಷ್ಟರಲ್ಲಿ ಚೀಟಿ ಆ ಕಡೆಗೆ ಹೋಗಿತ್ತು. ಗಾರ್ಡ್ ಕರ್ತವ್ಯ ಬಿಡುವವರಲ್ಲ. ಚೀಟಿಯ ಜೊತೆ ತಾವೂ ತಿರುಗಿದರು. ಹೆಸರು ಓದಿ ಮುಗಿಸಲು ಐದು ಸುತ್ತು, ಊರು ಓದಲು ಇನ್ನೆರಡು. ಹತ್ತನೆಯದಕ್ಕೆ ತಲೆ ಹಿಡಿದುಕೊಂಡು ದಾರಿಯಲ್ಲೇ ಕುಕ್ಕರಿಸಿದರು.

ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ನಾನು ಇಳಿದು ನೀರು ಕೊಟ್ಟೆ. ನರ್ಸಮ್ಮ ಅವರ ಸುತ್ತ ಸುತ್ತುತ್ತಲೇ ಗಾಬರಿಯಿಂದ ಕೇಳುತ್ತಿದ್ದರು, ತಲೆ ಸುತ್ತು ಎಷ್ಟು ದಿನದಿಂದ ಇದೆ ಅಂತ. ಗಾರ್ಡ್ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು:

"ನೀಂಗ ವಂದದಿಲಿರುಂದು ಅಮ್ಮಾ." ನೀವು ಬಂದಾಗಿನಿಂದ ಅಂತ.

೫. ಪೋಡಿನಲ್ಲಿ

ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ, ಕಾಡಿನಂಚಿನ ಸೋಲಿಗರ ಪೋಡಿನಿಂದ ನರ್ಸಮ್ಮನಿಗೆ ಫೋನ್ ಬಂತು. ಪೋಡು ಅಂದರೆ ಅವರ ಹಟ್ಟಿ. ಚೊಚ್ಚಲ ಬಸುರಿಗೆ ಬೇನೆ ಶುರುವಾಗಿದೆ. ಮೋರಿ ಹಾಕಲು ದಾರಿ ಅಗೆದಿದ್ದರಿಂದ ಆಂಬುಲೆನ್ಸ್ ಆ ಕಡೆಗೆ ದಾಟುವಂತಿರಲಿಲ್ಲ. ಹಲಗೆಯ ಮೇಲೆ ಸೈಕಲ್, ಮೊಪೆಡ್ ಮಾತ್ರ ಹೋಗುತ್ತಿದ್ದವು. ನರ್ಸಮ್ಮ ನನ್ನ ಅಂಗಡಿಗೆ ಬಂದು ಹೆರಿಗೆ ಚೀಲವನ್ನು ನನ್ನ ಮೊಪೆಡ್ಡಿಗೆ ಹಾಕಿ, "ಇಂದ್ಗಡೆ ಬನ್ನಿ ಅಣ್ಣ" ಅಂದವರೇ ಹೊರಟರು.

ಪೋಡಿನ ಏರು ನನ್ನ ಮೊಪೆಡ್ಡಿಗೆ ಯಾವತ್ತೂ ಆಗಿಬಂದದ್ದಲ್ಲ. ಅದು ಕೆಮ್ಮತೊಡಗಿತು. ಮುಂದೆ ನರ್ಸಮ್ಮ ಒಂದು ಕಾಲು ಒತ್ತುತ್ತಾ ಇನ್ನೊಂದು ಕಾಲು ಎಳೆಯುತ್ತಾ, ಸೀಟಿನಿಂದ ಏಳದೆ, ಉಸಿರು ಕೆಡಿಸಿಕೊಳ್ಳದೆ ಏರುತ್ತಿದ್ದರು. ಅಷ್ಟು ದಿನ ಬಿದ್ದದ್ದೆಲ್ಲ ಯಾತಕ್ಕೆ ಅಂತ ನನಗೆ ಆಗ ಅರ್ಥವಾಯಿತು. ಹೆಮ್ಮೆಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ಗುಡಿಸಲ ಮುಂದೆ ಗೋಡೆ ಇಲ್ಲ, ಹುಲ್ಲಿಲ್ಲ, ಹಸುವಿಲ್ಲ. ಹೆರಿಗೆ ಮಾಡಿಸಬೇಕಾದವರೇ ಕೈ ಮುರಿದುಕೊಂಡರೆ ಆ ಹುಡುಗಿಗೆ ಯಾರು ದಿಕ್ಕು? ಗುಡಿಸಲು ಹತ್ತಿರವಾದ ಕೂಡಲೇ ಮೊಪೆಡ್ಡನ್ನು ಅಲ್ಲೇ ಕೆಡವಿ, ಚೀಲ ಹಿಡಿದುಕೊಂಡು, ಅವರ ಎಡಗಡೆಗೆ ಓಡಿದೆ.

ನಾನು ಮುಟ್ಟುವ ಮೊದಲೇ ಎರಡು ಸದ್ದು ಕೇಳಿಸಿತು. ಟಕ್, ಟಕ್. ಎರಡೂ ಕಾಲು ಬಿಡಿಸಿಕೊಂಡಿದ್ದವು. ನರ್ಸಮ್ಮ ಕೆಳಗೆ ನೋಡಲೇ ಇಲ್ಲ. ನೆಟ್ಟಗೆ ಇಳಿದು, ಸೈಕಲ್ಲನ್ನು ಬಿದಿರಿನ ಬೇಲಿಗೆ ಒರಗಿಸಿ, ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಬೂಟು ಬಿಚ್ಚಿ ಒಳಗೆ ಹೋದರು. ಹಿಡಿಯಲು ಚಾಚಿದ ಎರಡು ಕೈ ಹಾಗೇ ಇಟ್ಟುಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ.

ಒಂದು ಗಂಟೆ ಕಳೆಯಿತು. ಆಮೇಲೆ ಕೂಸು ಅತ್ತಿತು. ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಅಂತ ಹೇಳುತ್ತಾ ನರ್ಸಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು.

"ನರ್ಸಮ್ಮ, ಇವತ್ತು ನೀವು ಇಳುದ್ರಿ," ಅಂದೆ.

"ಯಾವಾಗ?"

"ಬಂದಾಗ. ಎರಡೂ ಕಾಲು ಬುಡುಸ್ಕೊಂಡು, ನೆಟ್ಟಗೆ."

ಅವರಿಗೆ ಅದು ಗೊತ್ತೇ ಆಗಿರಲಿಲ್ಲ. "ನಾನಾ?" ಅಂತ ಎರಡು ಸಲ ಕೇಳಿದರು. ಎಷ್ಟೋ ವಾರದ ಮೇಲೆ ಅವರ ಮುಖದಲ್ಲಿ ಅಂಥ ನಗು ನೋಡಿದೆ. "ಇರಿ, ಎಂಗೆ ಇಳುದೆ ಅಂತ ತೋರುಸ್ತಿನಿ" ಅಂತ ಬೂಟು ಹಾಕಿ ಸೈಕಲ್ ಹತ್ತಿದರು. ಪೋಡಿನವರೆಲ್ಲ ಸೇರಿದರು. ಅಂಗಳದಲ್ಲಿ ಚೆಂದವಾಗಿ ಒಂದು ಸುತ್ತು ಬಂದು, ಎಲ್ಲರ ಮುಂದೆ ನಿಂತು, ಕಾಲನ್ನೇ ನೋಡುತ್ತಾ, ನಿಧಾನಕ್ಕೆ, ಎಡಕ್ಕೆ ಬಿದ್ದರು.

ಕೂಸಿನ ಅಜ್ಜಿ ಬಂದು ಕೈ ಹಿಡಿದು ಎಬ್ಬಿಸಿ, ಚೂಡಿದಾರಿನ ಮಣ್ಣು ಕೊಡವಿ, ಮರ್ಯಾದೆಯಿಂದ ಹೇಳಿದರು: "ಬೇಜಾರು ಮಾಡ್ಕಬೇಡಿ ತಾಯಿ. ನಮ್ಮ ಕಿರಿ ಸೊಸೆಗೂ ಈಗ ಐದು ತಿಂಗ್ಳು. ಇನ್ನು ನಾಕು ತಿಂಗ್ಳಿಗೆ ಬಂದು ಸರ್ಯಾಗಿ ಇಳುದ್ಬುಡಿ."