ಕುಂಕುಮ ಹಚ್ಚಿದ ಹಾಸಿಗೆ

ನಮ್ಮ ಸೋದರಮಾವ ಹೆಂಡತಿಯೊಬ್ಬರನ್ನು ಬಿಟ್ಟರೆ, ಮನೆಗೆ ತಂದದ್ದೆಲ್ಲವನ್ನೂ ಒಮ್ಮೆಯಾದರೂ ವಾಪಸ್ ಕೊಟ್ಟವರು! ಇದು ನನ್ನ ಮಾತಲ್ಲ, ಸ್ವತಃ ನಮ್ಮತ್ತೆಯ ಮಾತು. "ನನಗೆ ಬಿಲ್ ಇರ್ಲಿಲ್ಲ, ಅದಕ್ಕೇ ಉಳ್ಕಂಡೆ" ಎಂದು ಅವರು ಮುದ್ದೆ ಕಟ್ಟುತ್ತಲೇ ನಗುತ್ತಾರೆ.

ಮಾವನ ಮನೆ ಗಂಡಸಿ ಊರಿನಲ್ಲಿ, ಕೊಬ್ಬರಿ ವ್ಯಾಪಾರ ಅರಸೀಕೆರೆಯಲ್ಲಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಈ ಚಾಳಿ ಕಾಯಿಗೆ ಮಾತ್ರ ನಿಂತಿದ್ದರೆ ಲೋಕ ಕ್ಷೇಮವಾಗಿರುತ್ತಿತ್ತು. ಛತ್ರಿ ಕೊಳ್ಳಲು ಹೋದರೆ ಅದರಡಿ ನಿಂತು, ಅಂಗಡಿಯವನಿಂದಲೇ ಒಂದು ಬಿಂದಿಗೆ ನೀರು ಸುರಿಸಿಕೊಂಡು ನೋಡುತ್ತಾರೆ. ಒಮ್ಮೆ ಹೊಸ ಚಪ್ಪಲಿ ಮೆಟ್ಟಿ ರೈಲ್ವೆ ಸ್ಟೇಷನ್ನಿನವರೆಗೂ ನಡೆದು ಹೋಗಿ, ತಿರುಗಿ ಬಂದು ವಾಪಸ್ ಕೊಟ್ಟರು. ಕಾರಣ? ಎಡಗಾಲಿನದು ಮಾತಾಡುತ್ತದಂತೆ! ಅಂಗಡಿಯವನೂ ಮೆಟ್ಟಿ ನೋಡಿದ. ನಿಜ, ಮಾತಾಡುತ್ತಿತ್ತು.

ಇಂಥವರು ಕಣ್ಣಾರೆ ನೋಡದ ಹಾಸಿಗೆಯನ್ನು ಮೊಬೈಲಿನಲ್ಲಿ ಕೊಂಡರೆಂದರೆ ನಂಬುತ್ತೀರಾ? ಅತ್ತೆಯ ಸೊಂಟನೋವು ಅವರನ್ನು ಅಷ್ಟು ಮೆತ್ತಗೆ ಮಾಡಿತ್ತು. ಗಟ್ಟಿ ಹಾಸಿಗೆ ಬೇಕೆಂದು ಡಾಕ್ಟರು ಹೇಳಿದ್ದೇ ತಡ, 'ಬಹಳ ಗಟ್ಟಿ' ಎಂದು ಬರೆದಿದ್ದ ಒಂದನ್ನು ನಾನೇ ಆರ್ಡರ್ ಮಾಡಿಕೊಟ್ಟೆ. ಮೂವತ್ತು ದಿನ ಮಲಗಿ ನೋಡಿ, ಒಗ್ಗದಿದ್ದರೆ ವಾಪಸ್ ಕೊಡಿ ಎಂದೂ ಅಲ್ಲಿತ್ತು. ಆ ಸಾಲನ್ನು ಮಾವ ನನ್ನಿಂದ ಎರಡು ಸಲ ಓದಿಸಿದರು.

ಸುರುಳಿ ಸುತ್ತಿ ಬಂದ ಹಾಸಿಗೆ, ಬಿಚ್ಚಿದೊಡನೆ ಬುಸ್ಸೆಂದು ಉಬ್ಬಿತು. ಮಿಕ್ಸಿಯಾಗಲಿ ಸ್ಕೂಟರಾಗಲಿ, ಹೊಸದು ಏನೇ ಬಂದರೂ ಕುಂಕುಮ ಹಚ್ಚದೆ ಬಳಸಲು ಅತ್ತೆ ಬಿಡುವುದಿಲ್ಲ. ಹಾಸಿಗೆಯ ತಲೆಕಡೆಗೂ ಮೂರು ಬೊಟ್ಟು ಬಿದ್ದವು.

ಹತ್ತೇ ದಿನಕ್ಕೆ ನಡುವೆ ಗುಂಡಿ! ಅತ್ತೆ ಮಾತ್ರ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ಗಂಡ ಇನ್ನೊಂದು ಜಗಳಕ್ಕೆ ಹೊರಡುವುದು ಅವರಿಗೆ ಬೇಡವಾಗಿತ್ತು. ಮಾವ ಒಂದು ತೆಂಗಿನಕಾಯಿ ತಂದು ಹಾಸಿಗೆಯ ಅಂಚಿನಲ್ಲಿಟ್ಟರು. ಅದು ಯಾರ ಅಪ್ಪಣೆಯನ್ನೂ ಕೇಳದೆ ಉರುಳಿಕೊಂಡು ಹೋಗಿ ನಡುವೆ ಕೂತಿತು.

ಕಂಪನಿಗೆ ಫೋಟೋ ಕಳಿಸಿದೆವು. ಫೋನಿನ ಹೆಣ್ಣುಮಗಳು ಬಹಳ ವಿನಯದಿಂದ, ಕಲೆಯಾದ ಹಾಸಿಗೆಯನ್ನು ವಾಪಸ್ ಪಡೆಯುವುದಿಲ್ಲ ಎಂದಳು. ತಾನೇ ಕೈಯಾರೆ ಕೆಡಿಸಿದೆನಲ್ಲ ಎಂದು ಅತ್ತೆಯ ಮುಖ ಸಣ್ಣದಾಯಿತು. ಮಾವ ಫೋನ್ ಇಸಿದುಕೊಂಡರು.

"ಕುಂಕುಮ ಮೇಲೈತೆ ಕಣಮ್ಮ, ಗುಂಡಿ ಒಳಗೈತೆ. ಕುಂಕುಮದ ಭಾರಕ್ಕೆ ಗುಂಡಿ ಬಿತ್ತು ಅಂತ ಬರ್ದು ಕೊಡು, ಸುಮ್ಮನಾಯ್ತೀನಿ."

ಹಾಗೆಂದು ಯಾರು ಬರೆದುಕೊಟ್ಟಾರು? ಹೇಳಿದ್ದೊಂದು ಕಳಿಸಿದ್ದೊಂದು ಆದರೆ ಮಾಲನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಕಾನೂನೇ ಇದೆ; ಅಂಗಡಿಗೂ ಅದೇ, ಮೊಬೈಲಿಗೂ ಅದೇ. ಸರ್ಕಾರದ ಗ್ರಾಹಕರ ಸಹಾಯವಾಣಿಗೆ ದೂರು ಬರೆಯಲು ಮಾವ ನನ್ನನ್ನು ಎದುರು ಕೂರಿಸಿಕೊಂಡರು. ತೊಂದರೆ ಏನೆಂದು ತಿಳಿಸುವ ಜಾಗ ಬಂತು. ಗುಂಡಿಯ ಆಳ ಅಳೆಯೋಣವೆಂದು ನಾನು ಟೇಪು ಹುಡುಕತೊಡಗಿದೆ.

"ಅದು ಆಮೇಲೆ. ಮೊದ್ಲು ಇದ್ನ ಬರ್ಕಳೋ. ನಮ್ಮನೆಯವಳು ಬೆಳಿಗ್ಗೆ ಏಳುವಾಗ ಗೋಡೆ ಹಿಡ್ಕಂತಾಳೆ. ಹಳೇ ಹಾಸಿಗೇಲೂ ನೋವಿತ್ತು, ಗೋಡೆ ಹಿಡೀತಿರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋದರು. ದಿನವೂ ಅತ್ತೆ ಚೆನ್ನಾಗಿದೆ ಎನ್ನುತ್ತಿದ್ದರೆ, ಮಾವ ಗೋಡೆ ಹಿಡಿದ ಕೈಯನ್ನು ನೋಡುತ್ತಿದ್ದರು. ಅದನ್ನೇ ಬರೆದೆ.

ವಾರದೊಳಗೆ ಕಂಪನಿಯ ಕಡೆಯವನು ಬಂದ. ಕಾಯಿ ಮತ್ತೊಮ್ಮೆ ಉರುಳಿ ಸಾಕ್ಷಿ ಹೇಳಿತು. ಅವನು ಹಾಸಿಗೆ ಹೊತ್ತುಕೊಂಡು ಹೋದ, ಕುಂಕುಮ ಸಮೇತ! ಸಾಕ್ಷಿ ಹೇಳಿದ ಕಾಯನ್ನೂ ಮಾವ ಅವನಿಗೇ ಕೊಟ್ಟು ಕಳಿಸಿದರು.

ಬದಲಿ ಹಾಸಿಗೆ ಬಂದಾಗ ಅತ್ತೆ ಕುಂಕುಮದ ತಂಟೆಗೇ ಹೋಗಲಿಲ್ಲ. ಮೂವತ್ತು ದಿನ ಕಳೆಯಲಿ ಎಂದರು. ಹಾಸಿಗೆ ಬಂದ ಹತ್ತನೇ ದಿನ ನಾನು ಅವರ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಮಾವ ಕಾಫಿ ಲೋಟ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಎದ್ದು ಬಂದರು. ಕೈ ಗೋಡೆಗೆ ಹೋಗಲಿಲ್ಲ.

ಮಾವ ಲೋಟವನ್ನು ನನ್ನ ಕೈಗಿತ್ತು, ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು, ಹಾಸಿಗೆಯ ತಲೆಕಡೆಗೆ ತಾವೇ ಮೂರು ಬೊಟ್ಟಿಟ್ಟರು.

"ಇನ್ನು ವಾಪಸ್ ಕೊಡಕ್ಕಾಗಲ್ಲ ಕಣ್ರೀ" ಎಂದರು ಅತ್ತೆ.

"ಕೊಡಾದೂ ಇಲ್ಲ" ಎಂದ ಮಾವ, ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ಅತ್ತೆಯ ಹಣೆಗಿಟ್ಟರು.